ಹಡಗಿಗೆ ಬೇಡಿ, ಫ್ಯಾಕ್ಟರಿಗೆ ಬೀಗ

ಐಷಾರಾಮಿ ನೌಕೆಯ ಮೇಲೆ ಕೊಲೆ ಅಂದರೆ ಸಾಕು, ನಮ್ಮ ಮೈ ಜುಮ್ಮೆನ್ನುತ್ತದೆ. 2025ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ದಿ ವುಮನ್ ಇನ್ ಕ್ಯಾಬಿನ್ 10’ ಅಂಥದೇ ಸಿನಿಮಾ. ರೂತ್ ವೇರ್ 2016ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಮೂಲ. ಕೋಟ್ಯಧೀಶರ ನೌಕೆಯ ಬಗ್ಗೆ ಬರೆಯಲು ಹೋದ ಪತ್ರಕರ್ತೆಯೊಬ್ಬಳು ನಡುರಾತ್ರಿ ಯಾರೋ ಸಮುದ್ರಕ್ಕೆ ಬಿದ್ದದ್ದನ್ನು ಕಾಣುತ್ತಾಳೆ. ಕೂಗಾಡಿ ಎಲ್ಲರನ್ನೂ ಎಬ್ಬಿಸುತ್ತಾಳೆ. ತಲೆ ಎಣಿಸುತ್ತಾರೆ. ಲೆಕ್ಕ ಸರಿಯಾಗಿದೆ. ಯಾರೂ ಕಾಣೆಯಾಗಿಲ್ಲ, ನೀನು ಹೇಳುವ ಕ್ಯಾಬಿನ್ನಿನಲ್ಲಿ ಯಾರೂ ಇರಲೇ ಇಲ್ಲ, ನಿನಗೆಲ್ಲೋ ಭ್ರಮೆ ಅನ್ನುತ್ತಾರೆ.

ಬೆಂಗಳೂರಿನ ಅಂಚಿನ ಫ್ಯಾಕ್ಟರಿಗಳ ಊರು ಬೊಮ್ಮಸಂದ್ರದಲ್ಲಿ ಈ ಸಿನಿಮಾ ನೋಡಿದವರಿಗೆ ಮೈ ಜುಮ್ಮೆನ್ನಲು ಕಾರಣವೇ ಇಲ್ಲ. ನಮ್ಮ ವಠಾರದಲ್ಲಿ ರಾಯಚೂರು ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ಅರ್ಧ ನೋಡಿ ಆಫ್ ಮಾಡಿದ. ‘ಇದರಾಗೇನ್ ಸಸ್ಪೆನ್ಸ್ ಐತ್ರೀ ಸರ? ನಮ್ ಕಾಂಟ್ರ್ಯಾಕ್ಟರ್ ತಿಂಗಳಾ ತಿಂಗಳಾ ಇದನ್ನ ಮಾಡ್ತಾನ’ ಅಂದ.

ಅವನ ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ. ಪ್ಲಾಸ್ಟಿಕ್ ಮೋಲ್ಡಿಂಗ್ ಮಿಷನ್ನು ಕಚ್ಚಿದ್ದು. ಆಗ ಅವನ ಕೊರಳಲ್ಲಿದ್ದ ಗೇಟ್ ಪಾಸನ್ನು ನನಗೆ ತೋರಿಸಿದ. ಲ್ಯಾಮಿನೇಶನ್ ಮಾಡಿದ ಕಾರ್ಡು, ಮೂಲೆಯಲ್ಲಿ ನೀರು ಇಳಿದು ಫೋಟೊದ ಗಲ್ಲ ಬೆಳ್ಳಗಾಗಿದೆ. ಹೆಸರು ಬಾಲ್‌ಪೆನ್ನಿನಲ್ಲಿ ಗೀಚಿದ್ದು, ಅದೂ ತಪ್ಪು. ಕಂಪನಿ ಎಂದು ಅಚ್ಚಾದ ಕಡೆ ಒಂದು ಗೆರೆ, ಗೆರೆಯ ಮೇಲೆ ಏನೂ ಇಲ್ಲ. ಕೆಳಗೆ ಕಾಂಟ್ರ್ಯಾಕ್ಟರನ ನೀಲಿ ಸೀಲು, ವಿಳಾಸ ಓದಲಾಗದಷ್ಟು ಮಸುಕು. ಬೆರಳು ಹೋದ ದಿನ ಕಂಪನಿಯವರು ‘ಇವನು ನಮ್ಮವನಲ್ಲ, ಕಾಂಟ್ರ್ಯಾಕ್ಟರ್ ಲೇಬರು’ ಅಂದರು. ಕಾಂಟ್ರ್ಯಾಕ್ಟರು ‘ನನ್ನ ಲಿಸ್ಟಲ್ಲಿ ಇಲ್ಲ, ಸಬ್ ಕಾಂಟ್ರ್ಯಾಕ್ಟರ್ ಕಳಿಸಿದವನು’ ಅಂದ. ಸಬ್ ಕಾಂಟ್ರ್ಯಾಕ್ಟರ್ ಫೋನ್ ಎತ್ತಲಿಲ್ಲ. ತಲೆ ಎಣಿಸಿದರು. ಲೆಕ್ಕ ಸರಿ ಇತ್ತು.

ಇಂಥ ಊರಿನಲ್ಲಿ ಕೂತು ನೌಕೆಯ ರಹಸ್ಯ ಬರೆ ಎಂದರೆ ನಾನು ಬರೆಯುವುದು ಒಂದೇ ನೌಕೆಯ ಬಗ್ಗೆ. ಅದರ ಹೆಸರು ‘ಇಂಡಿಯನ್ ಎಂಪ್ರೆಸ್’. ಮಾಲೀಕರೆಂದು ಜಗತ್ತೇ ಕರೆದದ್ದು ನಮ್ಮ ವಿಜಯ್ ಮಲ್ಯರನ್ನು. ‘ನಮ್ಮ’ ಎಂದು ಬೇಕೆಂದೇ ಬರೆದೆ. ದಕ್ಷಿಣ ಕನ್ನಡದ ಮೂಲದವರು, ಬೆಂಗಳೂರಿನ ಮದ್ಯದ ದೊರೆ. 2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ, ಪಕ್ಷಭೇದ ಮರೆತು ಅವರನ್ನು ರಾಜ್ಯಸಭೆಗೆ ಕಳಿಸಿದ್ದು ನಾವೇ ವೋಟು ಹಾಕಿ ಗೆಲ್ಲಿಸಿದ ಶಾಸಕರು. ಟಿಪ್ಪುವಿನ ಕತ್ತಿ ಕೊಂಡುತಂದರು ಎಂದಾಗ ಚಪ್ಪಾಳೆ ತಟ್ಟಿದ್ದೂ ನಾವೇ. ಅವರ ಕಿಂಗ್‌ಫಿಷರ್ ಕ್ಯಾಲೆಂಡರು ಬಂದಾಗ ಕದ್ದು ನೋಡಿದ್ದೂ ನಾವೇ.

ನೌಕೆ 95 ಮೀಟರ್ ಉದ್ದದ್ದು. ನೆದರ್ಲೆಂಡ್ಸ್‌ನ ಓಷನ್‌ಕೋ ಕಂಪನಿ 2000ದಲ್ಲಿ ಕಟ್ಟಿದ್ದು, 2006ರಲ್ಲಿ ಮಲ್ಯರ ಕೈಗೆ ಬಂತು. ಮೊನಾಕೋದಲ್ಲಿ ಫಾರ್ಮುಲಾ ಒನ್ ಕಾರು ಓಡುವ ದಿನಗಳಲ್ಲಿ ಅದರ ಮೇಲೆ ಪಾರ್ಟಿ. ಎಲ್ಟನ್ ಜಾನ್‌ಗೆ ಸೇರಿದ್ದ ಪಿಯಾನೋ ಅದರಲ್ಲಿತ್ತು ಎಂದು ಪತ್ರಿಕೆಗಳು ಬರೆದವು. ಡೆಕ್ಕಿನ ಮೇಲೆ ಗ್ಲಾಸು ಹಿಡಿದವರ ಫೋಟೊ ನೂರಾರು ಸಿಗುತ್ತವೆ. ಗ್ಲಾಸು ತೊಳೆದವರ, ಎಂಜಿನ್ ರೂಮಿನ ಬಿಸಿಯಲ್ಲಿ ಬೆಂದವರ ಒಂದು ಫೋಟೊ ಹುಡುಕಿ ನೋಡಿ.

2018ರ ಮಾರ್ಚ್‌ನಲ್ಲಿ ಮಾಲ್ಟಾ ದ್ವೀಪದಲ್ಲಿ ಆ ನೌಕೆಯನ್ನು ಬಂಧಿಸಿದರು. ಹೌದು, ಹಡಗನ್ನೇ ಬಂಧಿಸಿದರು. ಅದರಲ್ಲಿದ್ದ 40ಕ್ಕೂ ಹೆಚ್ಚು ಜನ ಸಿಬ್ಬಂದಿಗೆ, ಅವರಲ್ಲಿ ಭಾರತೀಯರೂ ಇದ್ದರು, 2017ರ ಸೆಪ್ಟೆಂಬರಿನಿಂದ ಸಂಬಳ ಬಂದಿರಲಿಲ್ಲ. ಬಾಕಿ 10 ಲಕ್ಷ ಡಾಲರ್ ದಾಟಿತ್ತು. ನಾಟಿಲಸ್ ಇಂಟರ್‌ನ್ಯಾಷನಲ್ ಎಂಬ ನಾವಿಕರ ಯೂನಿಯನ್ ಅವರ ಪರ ನಿಂತಿತು. ಮೊದಲು ವಿಮೆಯವರಿಂದ 6 ಲಕ್ಷ ಡಾಲರಿಗೂ ಹೆಚ್ಚು ವಸೂಲು ಮಾಡಿಸಿತು. 2017ರ ಜನವರಿಯಿಂದ ಜಾರಿಗೆ ಬಂದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಮಾಲೀಕ ಕೈಬಿಟ್ಟ ನಾವಿಕರಿಗೆ 4 ತಿಂಗಳವರೆಗಿನ ಸಂಬಳವನ್ನು ವಿಮೆ ತುಂಬಿಕೊಡಬೇಕು. ಉಳಿದದ್ದಕ್ಕೆ ಹಡಗು ಹರಾಜು. ಮೊದಲ ಸಲ 4.35 ಕೋಟಿ ಯೂರೋ ಕೂಗಿದವರು ಹಣ ಕಟ್ಟಲಿಲ್ಲ, ಮತ್ತೆ ಹರಾಜಾಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ 3.5 ಕೋಟಿ ಯೂರೋಗೆ ಮಾರಾಟವಾಯಿತು.

ಈ ಕಥೆಯಲ್ಲಿ ನನ್ನ ಹೊಟ್ಟೆ ಉರಿಸಿದ್ದು ಪಿಯಾನೋ ಅಲ್ಲ, ಸಮುದ್ರದ ಕಾನೂನು. ಹಡಗಿನಲ್ಲಿ ದುಡಿದವನ ಸಂಬಳ ಹಡಗಿನ ಮೈಗೇ ಅಂಟಿಕೊಂಡ ಸಾಲ. ಮಾಲೀಕ ಲಂಡನ್ನಿನಲ್ಲಿರಲಿ, ಪಾತಾಳದಲ್ಲಿರಲಿ, ಕಾಗದದ ಮೇಲೆ ಯಾವ ಕಂಪನಿಯ ಹೆಸರಾದರೂ ಇರಲಿ. ‘ಮಾಲೀಕ ಯಾರು’ ಎಂದು ದುಡಿದವನು ಊರೂರು ಅಲೆಯಬೇಕಾಗಿಲ್ಲ. ಹಡಗು ಯಾವ ಬಂದರಿಗೆ ಬಂದರೂ ಅಲ್ಲಿನ ಕೋರ್ಟು ವಾರಂಟ್ ಹೊರಡಿಸಿ ಹಿಡಿದಿಡಬಹುದು. ಸಂಬಳದ ಕ್ಲೇಮು ಬ್ಯಾಂಕಿನ ಅಡಮಾನಕ್ಕಿಂತಲೂ ಮುಂದೆ. ಹಾಗೆಂದು ಸಮುದ್ರವೇನು ಸ್ವರ್ಗವಲ್ಲ. 2024ರಲ್ಲಿ ಜಗತ್ತಿನಾದ್ಯಂತ 3 ಸಾವಿರಕ್ಕೂ ಹೆಚ್ಚು ನಾವಿಕರನ್ನು ಮಾಲೀಕರು ನಡುನೀರಲ್ಲಿ ಕೈಬಿಟ್ಟರು, ಅವರಲ್ಲಿ ಅತಿ ಹೆಚ್ಚಿನವರು ಭಾರತದವರು ಎಂದು ಸಾರಿಗೆ ಕಾರ್ಮಿಕರ ಅಂತಾರಾಷ್ಟ್ರೀಯ ಒಕ್ಕೂಟವೇ ಹೇಳಿದೆ. ಆದರೂ ಅವರ ಕೈಯಲ್ಲಿ ಹಿಡಿಯುವುದಕ್ಕೆ ಒಂದು ಹಗ್ಗವಿದೆ.

ಈ ಹಗ್ಗ ವಿದೇಶದ್ದು ಎಂದುಕೊಳ್ಳಬೇಡಿ. 2018ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲೂ ಹೊಸ ನೌಕಾ ನ್ಯಾಯವ್ಯಾಪ್ತಿ ಕಾಯ್ದೆ ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್‌ನಲ್ಲಿ ಹಡಗಿನ ಮೇಲಿನ ಹಕ್ಕುಗಳ ಸರದಿ ಇದೆ. ಮೊಟ್ಟಮೊದಲನೆಯದು ಕ್ಯಾಪ್ಟನ್, ಅಧಿಕಾರಿಗಳು ಮತ್ತು ಸಿಬ್ಬಂದಿಯ ಸಂಬಳ. ಈ ಅಧಿಕಾರ ಇರುವ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಅಂದರೆ ನವಮಂಗಳೂರು ಬಂದರಿಗೆ ಬಂದ ಹಡಗಿನ ಅಡುಗೆಯವನಿಗೆ ಸಂಬಳ ಬಾಕಿ ಇದ್ದರೆ, ಬೆಂಗಳೂರಿನ ಅಂಬೇಡ್ಕರ್ ಬೀದಿಯ ಆ ಕೆಂಪು ಕಟ್ಟಡದ ನ್ಯಾಯಾಲಯ ಹಡಗನ್ನೇ ನಿಲ್ಲಿಸಬಲ್ಲದು. ಅದೇ ಕಟ್ಟಡದಿಂದ 30 ಕಿಲೋಮೀಟರ್ ಕೂಡ ದೂರವಿಲ್ಲದ ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ ಮುಚ್ಚಿದರೆ?

ಮುಚ್ಚಿದರೆ ಏನಾಗುತ್ತದೆಂದು ಇಲ್ಲಿನ ಹಸುಳೆಗೂ ಗೊತ್ತು. ಶನಿವಾರ ಓಟಿ ಮಾಡಿಸುತ್ತಾರೆ. ಸೋಮವಾರ ಬೆಳಿಗ್ಗೆ ಗೇಟಿಗೆ ಬೀಗ, ಒಂದು ಎ4 ಹಾಳೆ, ಅದರಲ್ಲಿ ಇಂಗ್ಲಿಷಿನ ನಾಲ್ಕು ಸಾಲು. ಸೆಕ್ಯುರಿಟಿಯವನಿಗೂ ಸಂಬಳ ಆಗಿಲ್ಲ, ಅವನು ಕುರ್ಚಿ ಒಳಗೆ ಎಳೆದುಕೊಂಡು ‘ನಂಗೇನ್ ಗೊತ್ತಮ್ಮ’ ಅನ್ನುತ್ತಾನೆ. ಹೆಣ್ಣುಮಕ್ಕಳು ಟಿಫನ್ ಬಾಕ್ಸ್ ಹಿಡಿದು ಮಧ್ಯಾಹ್ನದವರೆಗೂ ನಿಂತಿದ್ದು, ಅಲ್ಲೇ ಊಟ ಮಾಡಿ, ಸಂಜೆ ಮನೆಗೆ ಹೋಗುತ್ತಾರೆ. ಆಮೇಲೆ ಒಂದು ರಾತ್ರಿ ಲಾರಿ ಬರುತ್ತದೆ.

ಕಾಯ್ದೆ ಇಲ್ಲ ಎನ್ನುತ್ತಿಲ್ಲ. ಕಾಂಟ್ರ್ಯಾಕ್ಟರ್ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನದಲ್ಲಿ ಚುಕ್ತಾ ಮಾಡಬೇಕು ಅನ್ನುತ್ತದೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆ. ಕಂಪನಿ ದಿವಾಳಿಯಾಗಿ ಮಾರಾಟಕ್ಕೆ ಬಂದರೆ ಕಾರ್ಮಿಕರ 24 ತಿಂಗಳ ಬಾಕಿ ಬ್ಯಾಂಕಿನ ಸಾಲಕ್ಕೆ ಸಮಸಮ ಎಂದು 2016ರ ದಿವಾಳಿ ಸಂಹಿತೆಯೂ ಬರೆದಿದೆ. ಕೇಳಲು ಚೆಂದ. ಆದರೆ ಇದೆಲ್ಲಕ್ಕೂ ಮೊದಲು ನೀನು ಇಲ್ಲಿ ದುಡಿದೆ ಎಂದು ತೋರಿಸಬೇಕು. ಮಸ್ಟರ್ ರೋಲಿನಲ್ಲಿ ಹೆಸರಿರಬೇಕು, ಪಿಎಫ್ ನಂಬರ್ ಇರಬೇಕು, ಸಂಬಳ ಬ್ಯಾಂಕಿಗೆ ಬಿದ್ದಿರಬೇಕು. ಹಡಗಿನಲ್ಲಿ ಇದ್ದವನು ಇದ್ದ, ಸುತ್ತ ನೀರು, ಅವನು ಬೇರೆಲ್ಲಿರಲು ಸಾಧ್ಯ? ನಮ್ಮ ರಾಯಚೂರು ಹುಡುಗ ಎಲ್ಲಿದ್ದ ಎನ್ನುವುದಕ್ಕೆ ಸಾಕ್ಷಿ ಅವನ ಎರಡು ಬೆರಳು. ಅವೂ ಒಳಗೇ ಉಳಿದವು.

ಹೆಸರಿನ ಮಾತು ಬಂತು. 2025ರ ಆಗಸ್ಟ್ 10ರಂದು ಹಳದಿ ಮೆಟ್ರೊ ಉದ್ಘಾಟನೆಯಾಯಿತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, 19 ಕಿಲೋಮೀಟರ್, 16 ಸ್ಟೇಷನ್. ಕೋನಪ್ಪನ ಅಗ್ರಹಾರಕ್ಕೆ ಇನ್ಫೋಸಿಸ್ ಫೌಂಡೇಷನ್ ಹೆಸರು, ಹೆಬ್ಬಗೋಡಿಗೆ ಬಯೋಕಾನ್ ಹೆಸರು, ಕೊನೆಯ ನಮ್ಮ ಬೊಮ್ಮಸಂದ್ರಕ್ಕೆ ಡೆಲ್ಟಾ ಎಲೆಕ್ಟ್ರಾನಿಕ್ಸ್ ಹೆಸರು. ದುಡ್ಡು ಕೊಟ್ಟರು, ಹೆಸರು ಹಾಕಿಸಿಕೊಂಡರು, ಅದರಲ್ಲಿ ಕದ್ದದ್ದೇನೂ ಇಲ್ಲ. ಆದರೆ ಊರ ಹೆಸರಿನ ಮುಂದೆ ಕಂಪನಿಯ ಹೆಸರು ಎರಡಾಳೆತ್ತರದ ಅಕ್ಷರದಲ್ಲಿ ಬರೆಯಲು ಜಾಗ ಸಿಗುವ ಈ ರಸ್ತೆಯಲ್ಲಿ, ಆ ಕಂಬಗಳಿಗೆ ಕಾಂಕ್ರೀಟು ಸುರಿದವನ ಹೆಸರು ಒಂದು ಹಾಜರಿ ಪುಸ್ತಕದಲ್ಲಿ ಸರಿಯಾಗಿ ಬರೆಯುವವರಿಲ್ಲ.

ಮತ್ತೆ ಮಲ್ಯರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದೇ ಮನುಷ್ಯನ ಎರಡು ವಾಹನಗಳ ಕಥೆಯಲ್ಲಿ ಎಲ್ಲವೂ ಇದೆ. ಒಂದು ನೀರಿನದು, ಇನ್ನೊಂದು ಆಕಾಶದ್ದು. ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇನಲ್ಲಿ ಹಾರಿತು. ಲಾಭದ ಮುಖ ಒಂದು ವರ್ಷವೂ ಕಾಣಲಿಲ್ಲ. ತಿಂಗಳುಗಟ್ಟಲೆ ಸಂಬಳ ನಿಂತು, ನೌಕರರು ಮುಷ್ಕರ ಹೂಡಿ, 2012ರ ಅಕ್ಟೋಬರ್‌ನಲ್ಲಿ ನೆಲಕ್ಕೆ ಕೂತಿತು. ಅದೇ ತಿಂಗಳು ದೆಹಲಿಯಲ್ಲಿ ಆ ಕಂಪನಿಯ ನೌಕರನೊಬ್ಬನ ಹೆಂಡತಿ, ಗಂಡನಿಗೆ ಸಂಬಳವಿಲ್ಲದ ಸಂಕಟವನ್ನು ಬರೆದಿಟ್ಟು ಪ್ರಾಣ ಕಳೆದುಕೊಂಡಳು. ನೌಕರರ ಸಂಬಳದಿಂದ ಹಿಡಿದ ತೆರಿಗೆ ಕೂಡ ಸರ್ಕಾರಕ್ಕೆ ಸಕಾಲಕ್ಕೆ ಸೇರಿರಲಿಲ್ಲ. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚಲು ಆದೇಶಿಸಿತು.

ಇನ್ನು ಸರದಿ ನೋಡಿ. ಮಲ್ಯರ ಆಸ್ತಿಯಿಂದ 14,131 ಕೋಟಿ ರೂಪಾಯಿ ಸರ್ಕಾರಿ ಬ್ಯಾಂಕುಗಳಿಗೆ ಮರಳಿತು ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಮಂತ್ರಿಗಳು ಸಂಸತ್ತಿನಲ್ಲಿ ಹೇಳಿದರು. ನೌಕರರ ಬಾಕಿಗೆಂದು 300 ಕೋಟಿಗೂ ಹೆಚ್ಚು ಹಣ ಬಿಡಿಸಿಕೊಟ್ಟಿದ್ದೇವೆ ಎಂದು ಇ.ಡಿ. ಹೇಳಿದ್ದು 2025ರ ಡಿಸೆಂಬರ್‌ನಲ್ಲಿ. ವಿಮಾನ ನಿಂತು 13 ವರ್ಷವಾದ ಮೇಲೆ. ಎಲ್ಲರ ತಟ್ಟೆಗೂ ಬಡಿಸಿ ಮುಗಿದ ಮೇಲೆ ಅಡುಗೆ ಮಾಡಿದವಳಿಗೆ ಪಾತ್ರೆ ಕೆರೆದು ಕೊಟ್ಟ ಹಾಗೆ. ಅಂದು 30 ವರ್ಷದ ಗಗನಸಖಿಗೆ ಅಷ್ಟರಲ್ಲಿ 43. ಅಂದು ಶಾಲೆ ಫೀಸು ಕಟ್ಟಲಾಗದ ಮಗು ಈಗ ಡಿಗ್ರಿ ಮುಗಿಸಿದೆ, ಅಥವಾ ಮುಗಿಸಿಲ್ಲ. ಮಾಲ್ಟಾದ ಸಿಬ್ಬಂದಿಗೆ ಮೊದಲ ಕಂತು ತಿಂಗಳುಗಳ ಲೆಕ್ಕದಲ್ಲಿ ಬಂತು. ಎರಡೂ ಕಡೆ ಹೆಸರು ಕೇಳಿಬಂದ ಧಣಿ ಒಬ್ಬರೇ. ಒಂದು ಕಡೆ ದುಡಿದವರ ಕೈಗೆ ಹಡಗು ಸಿಕ್ಕಿತು, ಇನ್ನೊಂದು ಕಡೆ ದುಡಿದವರ ಕೈಗೆ ಸಿಕ್ಕಿದ್ದು ಲಿಕ್ವಿಡೇಟರ್ ಆಫೀಸಿನ ಫಾರಂ.

ಮಲ್ಯರು ತಮ್ಮ ಮೇಲಿನ ವಂಚನೆಯ ಆರೋಪವನ್ನು ಅಂದಿನಿಂದ ಇಂದಿನವರೆಗೂ ನಿರಾಕರಿಸಿದ್ದಾರೆ, ಬ್ಯಾಂಕುಗಳು ಕೊಟ್ಟದ್ದಕ್ಕಿಂತ ಹೆಚ್ಚು ಕಿತ್ತುಕೊಂಡಿವೆ ಎನ್ನುತ್ತಾರೆ. ಅದನ್ನು ಕೋರ್ಟು ನೋಡಿಕೊಳ್ಳಲಿ. ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ನ್ಯಾಯಾಂಗ ನಿಂದನೆಗಾಗಿ ಅವರಿಗೆ ವಿಧಿಸಿದ್ದು 4 ತಿಂಗಳ ಸೆರೆ, 2,000 ರೂಪಾಯಿ ದಂಡ. ಹೊಸೂರು ರಸ್ತೆಯಲ್ಲಿ ಟೂ ವೀಲರ್‌ನಲ್ಲಿ ಹೋಗುವವರನ್ನು ಕೇಳಿ, ಹಳೆಯ ಟ್ರಾಫಿಕ್ ಕೇಸೆಲ್ಲ ಕೂಡಿಸಿ ಅಷ್ಟು ಕಟ್ಟಿದವರು ಬೇಕಾದಷ್ಟು ಸಿಗುತ್ತಾರೆ.

ರಹಸ್ಯ ಬೇಕೆನ್ನುವವರಿಗೆ ಇಲ್ಲೊಂದು ಇದೆ. 9 ಸಾವಿರ ಕೋಟಿ ಸಾಲದ ಬಾಕಿಯ ಗದ್ದಲದ ನಡುವೆ 2016ರ ಮಾರ್ಚ್ 2ರಂದು ಮಲ್ಯರು ವಿಮಾನ ಹತ್ತಿ ಲಂಡನ್ನಿಗೆ ಹೋದರು. ಆಗಲೂ ಅವರು ರಾಜ್ಯಸಭಾ ಸದಸ್ಯರೇ. ಕಂಡರೆ ಹಿಡಿಯಿರಿ ಎಂದಿದ್ದ ಲುಕ್ ಔಟ್ ನೋಟಿಸನ್ನು ಅದರ ಹಿಂದಿನ ವರ್ಷ ನವೆಂಬರಿನಲ್ಲೇ ಕಂಡರೆ ತಿಳಿಸಿರಿ ಎಂದು ತಿದ್ದಲಾಗಿತ್ತು. ಅದು ತೀರ್ಮಾನದಲ್ಲಾದ ತಪ್ಪು ಎಂದು ಸಿಬಿಐ ಆಮೇಲೆ ಹೇಳಿತು. ಬೀಗ ಹಾಕಿದ ಕೋಣೆಯೊಳಗಿಂದ ಮಾಯವಾಗುವ ಪಾತ್ರವನ್ನು ಎನ್. ನರಸಿಂಹಯ್ಯನವರೂ ಇಷ್ಟು ಸಲೀಸಾಗಿ ದಾಟಿಸುತ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿ 500ಕ್ಕೂ ಹೆಚ್ಚು ಕಾದಂಬರಿ ಬರೆದ, ಕೂಲಿಕಾರರನ್ನೂ ಓದುಗರನ್ನಾಗಿ ಮಾಡಿದ ಆ ಮನುಷ್ಯನನ್ನು ನಮ್ಮ ಸಾಹಿತ್ಯದ ಪಂಡಿತರು ಜಗಲಿಯ ಮೇಲೂ ಕೂರಿಸಲಿಲ್ಲ. ಅವರ ಪತ್ತೇದಾರ ಪುರುಷೋತ್ತಮ ಬದುಕಿದ್ದರೆ ಈ ನೋಟಿಸು ತಿದ್ದಿದ ಪೆನ್ನು ಯಾರದೆಂದು ಹುಡುಕುತ್ತಿದ್ದ. ನಮ್ಮ ಟಿವಿಯವರು ಹುಡುಕಿದ್ದು ಮಲ್ಯರ ಜೊತೆಗಿದ್ದ ಸೂಟ್‌ಕೇಸುಗಳನ್ನು.

ಮಲ್ಯರು ಹೋಗಿ ಒಂದೂವರೆ ತಿಂಗಳಿಗೆ, ಏಪ್ರಿಲ್ 18ರ ಸೋಮವಾರ, ಇದೇ ಹೊಸೂರು ರಸ್ತೆಯಲ್ಲಿ ಏನಾಯಿತು? ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ಬಿಟ್ಟೆದ್ದು ರಸ್ತೆಗೆ ಬಂದರು. ಮರುದಿನ ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸು, ಬನ್ನೇರುಘಟ್ಟ ರಸ್ತೆ. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಯಾವ ಲೀಡರೂ ಮುಂದೆ ಇರಲಿಲ್ಲ. ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ತಿದ್ದಿತ್ತು. ಕೆಲಸ ಬಿಟ್ಟ ಮೇಲೆ ಕಾರ್ಮಿಕಳು ತನ್ನ ಪಾಲು ತೆಗೆದುಕೊಳ್ಳಬಹುದು, ಮಾಲೀಕನ ಪಾಲು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು.

ಲೆಕ್ಕ ಹಾಕೋಣ. ಮಾಲೀಕ ಕಟ್ಟುವ ನೂರಕ್ಕೆ 12ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, ಪಿಎಫ್‌ಗೆ ಬೀಳುವುದು 3.67. ತಿಂಗಳಿಗೆ 8 ಸಾವಿರ ಸಂಬಳ ಎಂದಿಟ್ಟುಕೊಳ್ಳಿ, ಆ ಪಾಲು 294 ರೂಪಾಯಿ. ಒಬ್ಬ ಟೈಲರಮ್ಮನ ತಿಂಗಳ 294 ರೂಪಾಯಿ ಕೈತಪ್ಪಿ ಹೋಗದಂತೆ ಸರ್ಕಾರ 58 ವರ್ಷದವರೆಗೆ ಬೀಗ ಹಾಕಿ ಕಾಯಲು ಹೊರಟಿತ್ತು. 9 ಸಾವಿರ ಕೋಟಿಗೆ ‘ಕಂಡರೆ ತಿಳಿಸಿ’. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಸೂಜಿ ಮುಂದೆ ಕೂರುವ ಬೆನ್ನು ಯಾರಿಗಿದೆ ಎಂದು ಆ ನಿಯಮ ಬರೆದವರು ಒಬ್ಬ ಹೆಲ್ಪರನ್ನೂ ಕೇಳಲಿಲ್ಲ. ಇಲ್ಲಿ ಪಿಎಫ್ ಎಂದರೆ ಮುಪ್ಪಿನ ಗಂಟಲ್ಲ. ಅದು ತಂಗಿಯ ಮದುವೆ, ಮಗನ ಪಿಯುಸಿ ಫೀಸು, ಕೈಸಾಲದವನ ಬಾಯಿ ಮುಚ್ಚಿಸುವ ದುಡ್ಡು. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಹಿಡಿದು ನಿಲ್ಲಲು ಇರುವ ಒಂದೇ ಕಂಬ.

ಲಾಠಿ ಬೀಸಿದರು, ಅಶ್ರುವಾಯು ಹೊಡೆದರು. ಹೆಬ್ಬಗೋಡಿ ಪೊಲೀಸ್ ಠಾಣೆಯ ಮುಂದೆ ವಾಹನಗಳು ಹೊತ್ತಿ ಉರಿದವು. ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ, ಅಳುವುದೂ ಇಲ್ಲ. ಐಟಿ ಸಿಟಿಯ ಟ್ರಾಫಿಕ್ ಕೆಟ್ಟಿತು ಎಂದು ಇಂಗ್ಲಿಷ್ ಪತ್ರಿಕೆಗಳು ಗೋಳಾಡಿದವು. ಏಪ್ರಿಲ್ 19ರ ಸಂಜೆಯೊಳಗೆ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಎರಡು ದಿನ. ಪಾರ್ಲಿಮೆಂಟಿನಲ್ಲಿ ಒಬ್ಬ ಸಂಸದನೂ ಮಾಡಲಾಗದ್ದನ್ನು ಬಸ್ ಪಾಸು, ಟಿಫನ್ ಬಾಕ್ಸ್ ಹಿಡಿದ ಹೆಣ್ಣುಮಕ್ಕಳು ಎರಡು ದಿನದಲ್ಲಿ ಮಾಡಿದರು. ಇದನ್ನು ಯಾರೂ ಸಿನಿಮಾ ಮಾಡಲಿಲ್ಲ. ನೆಟ್‌ಫ್ಲಿಕ್ಸ್‌ನವರು ಮಲ್ಯರ ಮೇಲೆ ಒಂದು ಕಂತು ಮಾಡಿದರು, ಅದರ ಸರಣಿಗೆ ‘ಬ್ಯಾಡ್ ಬಾಯ್ ಬಿಲಿಯನೇರ್ಸ್’ ಎಂದು ಹೆಸರು. ತುಂಟ ಹುಡುಗರಂತೆ! ತನ್ನ ಪಿಎಫ್ ಕೇಳಿ ಗಾಜು ಒಡೆದವಳು ಮಾತ್ರ ಗಲಭೆಕೋರಳು, ಅವಳ ಮೇಲೆ ಎಫ್‌ಐಆರ್.

ನಮ್ಮ ಲೇಖಕ ಮಿತ್ರರಿಗೂ ಒಂದು ಮಾತು. ನೌಕೆಯ ಕಥೆ ಬರೆಯುವಾಗ ನೀವು ಕೊಲೆಗಾರನನ್ನು ಅತಿಥಿಗಳ ಮಧ್ಯೆಯೇ ಹುಡುಕುತ್ತೀರಿ. ಆಳುಕಾಳು ಇರುವುದು ಟ್ರೇ ಹಿಡಿದು ಒಳಬರಲು, ಹೆಣ ಕಂಡು ಚೀರಲು. ಸಿರಿವಂತನಿಗೆ ಗುಟ್ಟು ಇರುತ್ತದೆ, ಬಡವನಿಗೆ ಬರೀ ಕಷ್ಟ ಇರುತ್ತದೆ ಎಂಬುದು ನಿಮ್ಮ ನಂಬಿಕೆ. ಒಂದು ತಿಂಗಳು ಬನ್ನಿ, ಜಿಗಣಿ ಲಿಂಕ್ ರೋಡಿನಲ್ಲಿ ರೂಮು ಮಾಡಿ. ಒಬ್ಬನೇ ಮನುಷ್ಯ ಮೂರು ಕಾಂಟ್ರ್ಯಾಕ್ಟರ್ ಲಿಸ್ಟಿನಲ್ಲಿ ಮೂರು ಹೆಸರಿನಲ್ಲಿ ಇರುವುದನ್ನು, ಸಂಬಳದ ಚೀಟಿಯಲ್ಲಿ ಹಿಡಿದ ಇಎಸ್‌ಐ ಹಣ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಸೊನ್ನೆಯಾಗಿರುವುದನ್ನು, ಬೆಳಿಗ್ಗೆ ಬೋರ್ಡಿನಲ್ಲಿದ್ದ ಕಂಪನಿಯ ಹೆಸರು ಸಂಜೆಗೆ ಬದಲಾಗಿರುವುದನ್ನು ನೋಡಿ. ಬೇಕಾದಷ್ಟು ಸಸ್ಪೆನ್ಸ್ ಇದೆ. ಕೊಲೆಗಾರನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಅದೊಂದೇ ನಿಮಗೆ ತೊಂದರೆ.

ಹಡಗು ಹಿಡಿಯುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಬಾರದ್ದೇನಲ್ಲ. 2020ರ ಜೂನ್, ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ನ ಯೂರೋ ಕ್ಲೋದಿಂಗ್ ಎಂಬ ಘಟಕದಿಂದ ಹೊಲಿಗೆ ಮಿಷನ್‌ಗಳನ್ನು ಹೊರಸಾಗಿಸಲು ಶುರುಮಾಡಿದರು. ಆರ್ಡರ್ ಇಲ್ಲ ಎಂಬುದು ಕಂಪನಿಯ ವಾದ. ದುಡಿಯುತ್ತಿದ್ದವರು 1,200ಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ಅವರು ಅಲ್ಲೇ ಧರಣಿ ಕೂತರು. ಮಳೆ ಬಂದರೂ ಏಳಲಿಲ್ಲ, ವಾರಗಟ್ಟಲೆ ಕೂತರು. ಅಲ್ಲಿ ತಯಾರಾದ ಬಟ್ಟೆ ಎಚ್ ಆ್ಯಂಡ್ ಎಂ ಬ್ರಾಂಡಿಗೆ ಹೋಗುತ್ತಿದ್ದರಿಂದ ಸುದ್ದಿ ಯುರೋಪಿಗೂ ಮುಟ್ಟಿತು, ಜಾಗತಿಕ ಕಾರ್ಮಿಕ ಒಕ್ಕೂಟ ನಡುವೆ ಬಂತು, ಎಳೆದಾಡಿ ಎಳೆದಾಡಿ ಮಾತುಕತೆ ಒಪ್ಪಂದದವರೆಗೆ ಹೋಯಿತು. ಮಾಲ್ಟಾದಲ್ಲಿ ಕೋರ್ಟಿನ ವಾರಂಟು ಮಾಡಿದ ಕೆಲಸವನ್ನು ಇಲ್ಲಿ ಹೆಂಗಸರು ತಮ್ಮ ಮೈಯೊಡ್ಡಿ ಮಾಡಿದರು. ಸಮುದ್ರದಲ್ಲಿ ಅದಕ್ಕೆ ಕಾನೂನುಬದ್ಧ ಬಂಧನ ಎನ್ನುತ್ತಾರೆ, ನೆಲದ ಮೇಲೆ ಅಕ್ರಮ ಕೂಟ ಎನ್ನುತ್ತಾರೆ.

ವಿಧಾನಸೌಧದವರು ಕೇಳಿಸಿಕೊಳ್ಳಲಿ. ಹೂಡಿಕೆದಾರರ ಸಮಾವೇಶಕ್ಕೆ ನೀವು ಹಾಸುವ ರತ್ನಗಂಬಳಿಯ ಲೆಕ್ಕ ನಮಗೆ ಬೇಡ. ಬೊಮ್ಮಸಂದ್ರ, ಜಿಗಣಿ, ಪೀಣ್ಯ, ವೈಟ್‌ಫೀಲ್ಡಿನಲ್ಲಿ ದುಡಿದವನ ಬಾಕಿ ಕಟ್ಟಡದ ಮೈಗೆ, ಮಿಷನ್ನಿನ ಮೈಗೆ ಅಂಟಬೇಕು. ಮಾಲೀಕ ಬದಲಾಗಲಿ, ಬೋರ್ಡು ಬದಲಾಗಲಿ, ಕಾಂಟ್ರ್ಯಾಕ್ಟರ್ ಫೋನು ಸ್ವಿಚ್ ಆಫ್ ಆಗಲಿ. ಗೇಟಿನ ಮೇಲೆ ಅಂಟಿಸುವ ಒಂದು ವಾರಂಟನ್ನು ಆನೇಕಲ್ ತಾಲ್ಲೂಕಿನ ಲೇಬರ್ ಇನ್ಸ್‌ಪೆಕ್ಟರ್ ಕೈಗೆ ಕೊಡಿ, ಕನ್ನಡದಲ್ಲಿ ಅಚ್ಚು ಹಾಕಿಸಿ. ಗೇಟ್ ಪಾಸ್ ಇದ್ದವನು, ಅದರ ಮೇಲೆ ಕಂಪನಿಯ ಹೆಸರು ಇರಲಿ ಇಲ್ಲದಿರಲಿ, ಇಲ್ಲಿ ದುಡಿದವನೇ ಎಂದು ಒಪ್ಪಿಕೊಳ್ಳಿ. ದುಡಿದಿಲ್ಲ ಎನ್ನುವವರಿದ್ದರೆ ಸಾಬೀತು ಮಾಡುವ ಹೊರೆ ಅವರ ಮೇಲಿರಲಿ. ಬಾಕಿ ಚುಕ್ತಾ ಆಗುವವರೆಗೆ ಒಂದು ಹೊಲಿಗೆ ಮಿಷನ್ನೂ ಲಾರಿ ಹತ್ತಕೂಡದು, ಹಗಲಾಗಲಿ ರಾತ್ರಿಯಾಗಲಿ.